ವಯಸ್ಸಿಗೆ ಸರ್ಟಿಫಿಕೇಟ್ ಇದೆ, ಎದೆಗೆ ಯಾಕಿಲ್ಲ?

ಜೂನ್‌ನಲ್ಲಿ ಶಾಲೆ ಬಾಗಿಲು ತೆಗೆಯುತ್ತೆ. ಜುಲೈ, ಆಗಸ್ಟ್ ಬರುವಷ್ಟರಲ್ಲಿ ವಲಯ ಮಟ್ಟದ ಕ್ರೀಡಾಕೂಟದ ಗಡಿಬಿಡಿ. ಆ ದಿನಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಕುಮಾರಸ್ವಾಮಿ ಲೇಔಟ್‌ನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಸ್ಕೂಟರ್ ಹಿಂದೆ ಶೂ ಚೀಲ ಹಿಡ್ಕೊಂಡು ಕೂತ ಮಕ್ಕಳು ಕಾಣ್ತಾರೆ. ಇಲ್ಲಿನ ಎಷ್ಟೋ ಖಾಸಗಿ ಶಾಲೆಗಳಿಗೆ ಸ್ವಂತ ಮೈದಾನ ಅನ್ನೋದಿಲ್ಲ. ನಿವೇಶನದ ಮೇಲೆ ಕಟ್ಟಡ, ಕಟ್ಟಡದ ಮೇಲೆ ಮಹಡಿ, ಅಷ್ಟೇ. ಹಾಗಾಗಿ ಓಟದ ಅಭ್ಯಾಸಕ್ಕೆ ಯಾರೋ ಪಾರ್ಕಿಗೆ ಹೋಗ್ತಾರೆ, ಯಾರೋ ಜಯನಗರದ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣಕ್ಕೆ ಹೋಗ್ತಾರೆ. ಅಪ್ಪ ಆಫೀಸಿಗೆ ಹೊರಡೋ ಮುಂಚೆ ಮಗಳನ್ನ ಬಿಟ್ಟು ಬರಬೇಕು. ಇಷ್ಟು ಕಷ್ಟಪಟ್ಟು ಆಟ ಆಡಿಸೋ ತಂದೆ ತಾಯಿಗೆ ಮೊದಲು ಒಂದು ನಮಸ್ಕಾರ ಹೇಳಿಬಿಡೋಣ.

ಈಗ ಆ ಮಗುವಿನ ಬ್ಯಾಗಿನಲ್ಲಿರುವ ಅರ್ಜಿಯನ್ನ ತೆಗೆದು ನೋಡಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ದಾಖಲಾತಿ ಸಂಖ್ಯೆ, ಫೋಟೊ, ಮುಖ್ಯೋಪಾಧ್ಯಾಯರ ಸಹಿ, ಮೊಹರು. ಜೊತೆಗೆ ಜನನ ಪ್ರಮಾಣಪತ್ರದ ನಕಲು, ಆಧಾರ್ ನಕಲು. ಕೊನೆಗೆ ಪೋಷಕರ ಒಪ್ಪಿಗೆ ಪತ್ರ. ಆ ಒಪ್ಪಿಗೆ ಪತ್ರದ ಭಾಷೆ ನಿಮಗೂ ಗೊತ್ತು: ನನ್ನ ಮಗ ಅಥವಾ ಮಗಳಿಗೆ ಆಟದ ವೇಳೆ ಏನಾದರೂ ಆದರೆ ಶಾಲೆಯಾಗಲೀ ಸಂಘಟಕರಾಗಲೀ ಹೊಣೆಯಲ್ಲ. ಇದು ಒಪ್ಪಿಗೆಯೋ ಮುಚ್ಚಳಿಕೆಯೋ ನೀವೇ ಹೇಳಿ.

ಇಷ್ಟೆಲ್ಲ ಕೇಳೋ ಕಾಗದದಲ್ಲಿ ಕೇಳದೇ ಇರೋ ಪ್ರಶ್ನೆ ಒಂದಿದೆ. ಈ ಮಗು ಓಡುವಾಗ ಯಾವತ್ತಾದರೂ ಪ್ರಜ್ಞೆ ತಪ್ಪಿ ಬಿದ್ದಿದೆಯಾ? ಕೆಲವು ಅರ್ಜಿಗಳಲ್ಲಿ ವೈದ್ಯರ ಸಹಿಗೆ ಒಂದು ಗೆರೆ ಬಿಟ್ಟಿರ್ತಾರೆ, ನಿಜ. ಆ ಸಹಿ ಹೇಗೆ ಬೀಳುತ್ತೆ ಅನ್ನೋದೂ ನಮಗೆ ಗೊತ್ತು. ಪಿಟಿ ಮೇಷ್ಟ್ರು ಇಪ್ಪತ್ತು ಅರ್ಜಿ ಒಟ್ಟಿಗೆ ಹಿಡ್ಕೊಂಡು ಪರಿಚಯದ ಕ್ಲಿನಿಕ್ಕಿಗೆ ಹೋಗ್ತಾರೆ. ಮಕ್ಕಳು ಶಾಲೆಯಲ್ಲೇ ಇರ್ತಾರೆ. ಸಹಿ ಮಾತ್ರ ಬರುತ್ತೆ.

ನಮ್ಮ ದೇಶದ ಕಿರಿಯರ ಕ್ರೀಡೆಯಲ್ಲಿ ‘ಮೆಡಿಕಲ್’ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ವಯಸ್ಸಿನ ಪರೀಕ್ಷೆ. ಹದಿನಾರರೊಳಗಿನ ಹುಡುಗರ ಕ್ರಿಕೆಟ್‌ಗೆ ಬಿಸಿಸಿಐ ಟಿಡಬ್ಲ್ಯು-3 ಅನ್ನೋ ಪದ್ಧತಿ ಇಟ್ಟುಕೊಂಡಿದೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಮೂಳೆ ಎಷ್ಟು ಬಲಿತಿದೆ ಅಂತ ನೋಡಿ ವಯಸ್ಸು ಅಂದಾಜು ಮಾಡ್ತಾರೆ. ಅದು ಬೇಕು. ಹತ್ತೊಂಬತ್ತರ ಹುಡುಗ ಹದಿನೈದು ಅಂತ ಹೇಳ್ಕೊಂಡು ಬೌಲಿಂಗ್ ಮಾಡಿದರೆ ಎದುರಿಗಿರೋ ಮಗುವಿಗೆ ಅನ್ಯಾಯ. ಆದರೆ ಯೋಚನೆ ಮಾಡಿ. ಮೋಸ ಹಿಡಿಯೋದಕ್ಕೆ ಮಣಿಕಟ್ಟಿನ ಮೂಳೆಯವರೆಗೂ ಹೋಗ್ತೀವಿ. ಅದೇ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಡೋದಕ್ಕೆ ಮಾತ್ರ ನಮಗೆ ಪುರುಸೊತ್ತಿಲ್ಲ.

ಇದೆಲ್ಲ ಬೇಕಾ, ಮಕ್ಕಳ ಹೃದಯಕ್ಕೆ ಏನಾಗುತ್ತೆ, ಅದೆಲ್ಲ ವಯಸ್ಸಾದವರ ಕಾಯಿಲೆ ಅಲ್ವಾ ಅನ್ನೋರಿದ್ದಾರೆ. ಮೊದಲು ಒಂದು ಗೊಂದಲ ಬಿಡಿಸೋಣ. ಯಾರೇ ಕುಸಿದು ಬಿದ್ದರೂ ಟಿವಿ ಪರದೆಯ ಕೆಂಪು ಪಟ್ಟಿಯಲ್ಲಿ ‘ಹೃದಯಾಘಾತ’ ಅಂತ ಬರುತ್ತೆ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಕ್ಕೆ ರಕ್ತ ಕೊಡೋ ನಾಳ ಕಟ್ಟಿಕೊಂಡರೆ ಅದು ಆಘಾತ. ಮನೆಯ ನಲ್ಲಿ ಪೈಪು ಕಟ್ಟಿಕೊಂಡ ಹಾಗೆ. ಇದು ಹೆಚ್ಚಾಗಿ ದೊಡ್ಡವರದ್ದು. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೊಬ್ಬು ಇವುಗಳ ಜೊತೆ ಬರುವಂಥದ್ದು. ಸ್ತಂಭನ ಅಂದರೆ ಹೃದಯದೊಳಗಿನ ವಿದ್ಯುತ್ತಿನ ತಾಳ ಕೆಟ್ಟು, ಅದು ಬಡಿಯೋ ಬದಲು ಬರೀ ನಡುಗೋದಕ್ಕೆ ಶುರು ಮಾಡೋದು. ರಕ್ತ ಮುಂದೆ ಹೋಗಲ್ಲ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತೆ. ಆಘಾತವೂ ಸ್ತಂಭನಕ್ಕೆ ಕಾರಣವಾಗಬಹುದು. ಆದರೆ ಆಡುವ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಕಾರಣ ಬಹುತೇಕ ಬೇರೆ ಇರುತ್ತೆ.

ಏನವು? ಹೃದಯದ ಸ್ನಾಯು ಹುಟ್ಟಿನ ಗುಣದಿಂದ ದಪ್ಪವಾಗುತ್ತಾ ಹೋಗೋದು ಒಂದು. ಸರಿಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತೆ ಅಂತ ವೈದ್ಯಶಾಸ್ತ್ರ ಹೇಳುತ್ತೆ. ಗಾಬರಿ ಬೇಡ, ಅವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬದುಕುತ್ತಾರೆ. ಹೃದಯದ ರಕ್ತನಾಳ ಹುಟ್ಟಬೇಕಾದ ಜಾಗ ಬಿಟ್ಟು ಬೇರೆ ಕಡೆಯಿಂದ ಹುಟ್ಟಿರೋದು ಇನ್ನೊಂದು. ವಿದ್ಯುತ್ ಹರಿಯೋ ದಾರಿಯಲ್ಲಿ ಹೆಚ್ಚಿನದೊಂದು ಒಳದಾರಿ ಇರೋದು, ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗೋದಕ್ಕೆ ತಡ ಮಾಡೋದು, ವೈರಲ್ ಜ್ವರದ ನಂತರ ಹೃದಯದ ಸ್ನಾಯು ಊದಿಕೊಳ್ಳೋದು, ಹೀಗೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಬೇಕು: ರುಮ್ಯಾಟಿಕ್ ಹೃದ್ರೋಗ. ಮಗುವಿಗೆ ಗಂಟಲು ನೋವು ಬರುತ್ತೆ, ಸರಿಯಾಗಿ ಔಷಧಿ ಆಗಲ್ಲ, ಕೀಲು ನೋವು, ಜ್ವರ, ಆಮೇಲೆ ಎಲ್ಲ ಹೋಯ್ತು ಅಂತ ಸುಮ್ಮನಾಗ್ತೀವಿ. ಒಳಗೆ ಹೃದಯದ ಕವಾಟ ಹಾಳಾಗಿರುತ್ತೆ. ಶ್ರೀಮಂತ ದೇಶಗಳು ಇದನ್ನ ಹೆಚ್ಚುಕಡಿಮೆ ಮರೆತಿವೆ. ನಮ್ಮ ಆಸ್ಪತ್ರೆಗಳು ಮರೆತಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಕವಾಟದ ಸದ್ದು ಎಷ್ಟೋ ಸಲ ಕೇಳಿಸಿಬಿಡುತ್ತೆ. ಬೇಗ ಗೊತ್ತಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು ಕವಾಟ ಇನ್ನಷ್ಟು ಕೆಡದಂತೆ ತಡೀಬಹುದು.

ಈ ದೋಷಗಳ ಗುಣ ಏನು ಅಂದ್ರೆ, ಇವು ಮಗುವನ್ನ ಮಲಗಿಸಲ್ಲ. ಮಗು ಓಡುತ್ತೆ, ಗೆಲ್ಲುತ್ತೆ, ಮೆಡಲ್ ತರುತ್ತೆ. ನೋಡೋದಕ್ಕೆ ಕಟ್ಟುಮಸ್ತಾಗಿರುತ್ತೆ. ಅದಕ್ಕೇ ‘ಅಷ್ಟು ಚೆನ್ನಾಗಿದ್ದವನು’ ಅನ್ನೋ ಮಾತು ಪ್ರತಿ ಸಾವಿನ ಮನೆಯಲ್ಲೂ ಕೇಳಿಸೋದು.

ನಮ್ಮ ಊರಿನ ಮೈದಾನಗಳನ್ನೇ ನೆನಪು ಮಾಡಿಕೊಳ್ಳಿ. 2004ರ ಡಿಸೆಂಬರ್ 5, ಕಂಠೀರವ ಕ್ರೀಡಾಂಗಣ. ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್, ಗೋವಾದ ಡೆಂಪೊ ಮತ್ತು ಕೋಲ್ಕತ್ತದ ಮೋಹನ್ ಬಗಾನ್. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುವ ಹೊತ್ತಿಗೆ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. ಮೈದಾನದಲ್ಲಿ ತುರ್ತು ಚಿಕಿತ್ಸೆಗೆ ಏನಿತ್ತು ಅನ್ನೋ ಪ್ರಶ್ನೆ ಆಗ ದೇಶವಿಡೀ ಎದ್ದಿತ್ತು. ಎದ್ದು ಏನಾಯ್ತು? 2012ರ ಮಾರ್ಚ್ 21ಕ್ಕೆ ಬನ್ನಿ. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ‘ಎ’ ಡಿವಿಷನ್ ಪಂದ್ಯ. ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಡಿ. ವೆಂಕಟೇಶ್ ಬದಲಿ ಆಟಗಾರನಾಗಿ ಇಳಿದವರು ಕುಸಿದರು. ಆಂಬುಲೆನ್ಸ್ ಇರಲಿಲ್ಲ. ಜೊತೆಯ ಆಟಗಾರರು ಅವರನ್ನ ಎತ್ತಿಕೊಂಡು ಹೋಗಿ ಆಟೋದಲ್ಲಿ ಹಾಕಿದರು. ಎಂಟು ವರ್ಷದ ಹಿಂದೆ ಅಷ್ಟು ದೊಡ್ಡ ಸುದ್ದಿಯಾದ ಊರಿನಲ್ಲೇ, ಆಟೋ! ಆಮೇಲೆ 2024ರ ಫೆಬ್ರವರಿ 22. ಬೆಂಗಳೂರಿನ ಆರ್‌ಎಸ್‌ಐ ಮೈದಾನದಲ್ಲಿ ತಮಿಳುನಾಡಿನ ವಿರುದ್ಧ ಪಂದ್ಯ ಮುಗಿದ ಮೇಲೆ ಕರ್ನಾಟಕದ ಕ್ರಿಕೆಟಿಗ ಕೆ. ಹೊಯ್ಸಳ ಕುಸಿದರು, 34 ವರ್ಷ. ಇವರೆಲ್ಲ ದೊಡ್ಡವರು, ಸಂಘಟಿತ ಪಂದ್ಯ ಆಡುತ್ತಿದ್ದವರು. ಇವರ ಪಾಡೇ ಹೀಗಿದ್ದರೆ ವಲಯ ಮಟ್ಟದ 800 ಮೀಟರ್ ಓಟಕ್ಕೆ ನಿಂತ ಎಂಟನೇ ಕ್ಲಾಸಿನ ಹುಡುಗಿಗೆ ಯಾರಿದ್ದಾರೆ?

2025ರಲ್ಲಿ ಕರ್ನಾಟಕ ಈ ವಿಷಯದಲ್ಲಿ ಬೆಚ್ಚಿಬಿದ್ದಿತು. ಜನವರಿಯಲ್ಲಿ ಚಾಮರಾಜನಗರದ ಶಾಲೆಯೊಂದರಲ್ಲಿ ಮೂರನೇ ತರಗತಿಯ ಎಂಟು ವರ್ಷದ ಬಾಲಕಿ ಕುಸಿದು ತೀರಿಕೊಂಡಳು. ಅವಳು ಓಡ್ತಾ ಇರಲಿಲ್ಲ, ತರಗತಿಯಲ್ಲಿದ್ದಳು. ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳು. ಜಯದೇವ ಆಸ್ಪತ್ರೆಯ ಮುಂದೆ ಮುಂಜಾನೆಯಿಂದ ಸಾಲು, ಮೈಸೂರಿನಲ್ಲೂ ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡ್ತು. ಸಮಿತಿಯ ವರದಿಯಲ್ಲಿ ಎಲ್ಲರೂ ಹುಡುಕಿದ್ದು ಲಸಿಕೆಯ ವಿಚಾರ. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಅಂತ ತಜ್ಞರು ಹೇಳಿದ ತಕ್ಷಣ ಚರ್ಚೆ ಅಲ್ಲಿಗೇ ಮುಗಿದುಹೋಯಿತು. ಅದೇ ಶಿಫಾರಸುಗಳ ಪಟ್ಟಿಯಲ್ಲಿ ಇನ್ನೊಂದು ಮಾತಿತ್ತು: ಮಕ್ಕಳಿಗೆ ಹದಿನೈದು ವರ್ಷ ಆಗುವ ಹೊತ್ತಿಗೆ ಶಾಲಾ ಮಟ್ಟದಲ್ಲೇ ಹೃದಯದ ತಪಾಸಣೆ ಆಗಬೇಕು. ಇದರ ಬಗ್ಗೆ ಎಷ್ಟು ಜನ ಮಾತಾಡಿದರು? ನನಗೆ ಇಡೀ ವರದಿಯಲ್ಲಿ ಅತ್ಯಂತ ಮುಖ್ಯ ಅನ್ನಿಸಿದ್ದು ಇದೇ ಸಾಲು.

ಬೇರೆ ದೇಶಗಳು ಏನ್ ಮಾಡಿವೆ? ಇಟಲಿ 1971ರಲ್ಲೇ ಕ್ರೀಡಾಪಟುಗಳ ಆರೋಗ್ಯ ರಕ್ಷಣೆಗೆ ಕಾನೂನು ತಂದಿತು. 1982ರಿಂದ ಸ್ಪರ್ಧೆಗೆ ಇಳಿಯೋ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ತಪಾಸಣೆ, ಅದರಲ್ಲಿ ಇಸಿಜಿಯೂ ಸೇರಿ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಎರಡೂವರೆ ದಶಕದ ಲೆಕ್ಕ ಇಟ್ಟರು. 1979-80ರಲ್ಲಿ ಒಂದು ಲಕ್ಷ ಯುವ ಕ್ರೀಡಾಪಟುಗಳಲ್ಲಿ ವರ್ಷಕ್ಕೆ 3.6 ಇದ್ದ ಹಠಾತ್ ಹೃದಯ ಸಾವು 2003-04ಕ್ಕೆ 0.4ಕ್ಕೆ ಇಳಿದಿತ್ತು. ಶೇಕಡಾ 89ರಷ್ಟು ಇಳಿಕೆ. ಇದನ್ನ ಓದಿದ ತಕ್ಷಣ ‘ನೋಡಿ, ಇಸಿಜಿ ಮಾಡಿಸಿಬಿಡಿ, ಮುಗೀತು’ ಅನ್ನಿಸುತ್ತೆ.

ಮುಗಿಯಲ್ಲ. ಇಸ್ರೇಲ್ 1997ರಲ್ಲಿ ಇಂಥದ್ದೇ ಕಾನೂನು ಮಾಡ್ತು. ಕಾನೂನಿಗೆ ಮುಂಚಿನ ವರ್ಷಗಳಲ್ಲಿ ಲಕ್ಷಕ್ಕೆ 2.54, ನಂತರದ ವರ್ಷಗಳಲ್ಲಿ 2.66. ಅಂದರೆ ಏನೂ ಬದಲಾಗಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1996ರಿಂದ 2016ರವರೆಗೆ ಹದಿನಾರರ ಆಸುಪಾಸಿನ 11,168 ಆಟಗಾರರನ್ನ ಇಸಿಜಿ, ಎಕೊ ಎರಡೂ ಮಾಡಿ ತಪಾಸಣೆ ಮಾಡಿತು. 42 ಜನರಲ್ಲಿ ಹಠಾತ್ ಸಾವಿಗೆ ಕಾರಣವಾಗಬಲ್ಲ ದೋಷ ಸಿಕ್ಕಿತು. 42 ಮನೆಗಳ ದೀಪ ಅಂತ ಲೆಕ್ಕ ಹಾಕಿದರೆ ಸಣ್ಣ ಸಂಖ್ಯೆ ಅಲ್ಲ. ಆದರೆ ಮುಂದೆ ಹೃದಯದ ಕಾರಣಕ್ಕೆ ತೀರಿಕೊಂಡ ಎಂಟು ಜನರಲ್ಲಿ ಆರು ಜನರ ತಪಾಸಣೆ ವರದಿ ‘ಎಲ್ಲ ಸರಿ ಇದೆ’ ಅಂತಲೇ ಇತ್ತು. ಕೆಲವು ದೋಷಗಳು ಹದಿನಾರರಲ್ಲಿ ಕಾಣಲ್ಲ, ಇಪ್ಪತ್ತರಲ್ಲಿ ತಲೆ ಎತ್ತುತ್ತವೆ. ಒಂದು ಸಲ ನೋಡಿ ಜೀವಮಾನಕ್ಕೆ ಸರ್ಟಿಫಿಕೇಟ್ ಕೊಡೋದಕ್ಕೆ ಆಗಲ್ಲ.

ತಪಾಸಣೆಗೆ ಇನ್ನೊಂದು ಮುಖ ಇದೆ. ಇಟಲಿಯ ಪಾಡುವಾ ಕೇಂದ್ರದಲ್ಲಿ 42,386 ಜನರನ್ನ ನೋಡಿದಾಗ ಶೇಕಡಾ 9ರಷ್ಟು ಜನರನ್ನ ಮುಂದಿನ ಪರೀಕ್ಷೆಗೆ ಕಳಿಸಬೇಕಾಯ್ತು. ಕೊನೆಗೆ ಆಟ ಬಿಡಿಸಿದ್ದು ಶೇಕಡಾ 2ರಷ್ಟು ಜನರನ್ನ. ಈ ಲೆಕ್ಕವನ್ನ ನಮ್ಮ ಬಡಾವಣೆಗೆ ತಂದರೆ, ಕುಮಾರಸ್ವಾಮಿ ಲೇಔಟ್, ಇಲಿಯಾಸ್ ನಗರ, ಯಲಚೇನಹಳ್ಳಿ ಸುತ್ತಮುತ್ತ ಸಾವಿರ ಮಕ್ಕಳು ಸ್ಪರ್ಧೆಗೆ ಇಳಿಯೋರಿದ್ದಾರೆ ಅಂತ ಇಟ್ಟುಕೊಳ್ಳಿ. ತೊಂಬತ್ತು ಮಕ್ಕಳ ಮನೆಗೆ ‘ಇನ್ನೊಂದು ಟೆಸ್ಟ್ ಆಗಬೇಕು’ ಅನ್ನೋ ಮಾತು ಹೋಗುತ್ತೆ. ತೊಂಬತ್ತು ಅಮ್ಮಂದಿರು ರಾತ್ರಿ ನಿದ್ದೆ ಮಾಡಲ್ಲ. ಅದರಲ್ಲಿ ಎಪ್ಪತ್ತು ಮಕ್ಕಳಿಗೆ ಏನೂ ಇರಲ್ಲ. ಜೊತೆಗೆ ಚೆನ್ನಾಗಿ ಅಭ್ಯಾಸ ಮಾಡಿದ ಮಗುವಿನ ಹೃದಯ ನಿಧಾನವಾಗಿ ಬಡಿಯುತ್ತೆ, ಇಸಿಜಿಯ ಗೆರೆ ಸ್ವಲ್ಪ ಬೇರೆ ಇರುತ್ತೆ. ಅದು ಆರೋಗ್ಯದ ಗುರುತೋ ರೋಗದ ಗುರುತೋ ಅಂತ ಹೇಳೋದಕ್ಕೆ ತಿಳಿದ ವೈದ್ಯರು ಬೇಕು. ಗೆರೆ ಎಳೆಯೋ ಮಷೀನು ಎಲ್ಲ ಬೀದಿಯಲ್ಲೂ ಇದೆ. ಗೆರೆ ಓದೋರು ಎಲ್ಲ ಬೀದಿಯಲ್ಲೂ ಇಲ್ಲ. ಅಮೆರಿಕದ ಹೃದಯ ತಜ್ಞರ ಸಂಘ ಎಲ್ಲರಿಗೂ ಇಸಿಜಿ ಕಡ್ಡಾಯ ಬೇಡ, ಪ್ರಶ್ನೆ ಕೇಳಿ, ಎದೆ ಪರೀಕ್ಷೆ ಮಾಡಿ ಅಂತ 14 ಅಂಶಗಳ ಪಟ್ಟಿ ಮಾಡಿಕೊಟ್ಟಿರೋದು ಇಂಥ ಕಾರಣಗಳಿಗೇ.

ಜಪಾನಿನ ದಾರಿ ನನಗೆ ಇಷ್ಟ. ಅವರು ಕ್ರೀಡಾಪಟುಗಳನ್ನ ಬೇರೆ ಮಾಡಲೇ ಇಲ್ಲ. 1973ರಿಂದ ಶಾಲಾ ಆರೋಗ್ಯ ಕಾನೂನಿನಡಿ ಹೃದಯ ತಪಾಸಣೆ ಇದೆ. 1995ರಿಂದ ಒಂದನೇ, ಏಳನೇ, ಹತ್ತನೇ ತರಗತಿಗೆ ಸೇರೋ ಪ್ರತಿ ಮಗುವಿಗೂ ಇಸಿಜಿ. ಆಡೋ ಮಗು, ಆಡದ ಮಗು ಅನ್ನೋ ಭೇದ ಇಲ್ಲ. ಯಾರನ್ನೋ ಅನುಮಾನದಿಂದ ನೋಡಿದ ಹಾಗೂ ಆಗಲ್ಲ. ಮಗುವಿನ ಹಲ್ಲು ನೋಡಿದ ಹಾಗೆ, ಕಣ್ಣು ನೋಡಿದ ಹಾಗೆ ಹೃದಯವನ್ನೂ ನೋಡ್ತಾರೆ, ಅಷ್ಟೇ.

ಹಾಗಾದರೆ ನಮ್ಮಲ್ಲಿ ಏನೂ ಇಲ್ವಾ? ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ವೈದ್ಯರು, ನರ್ಸು, ಫಾರ್ಮಸಿಸ್ಟ್ ಇರೋ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ ಬರಬೇಕು. ಹುಟ್ಟಿನ ಹೃದಯದೋಷ, ರುಮ್ಯಾಟಿಕ್ ಹೃದ್ರೋಗ ಎರಡೂ ಅದರ ಪಟ್ಟಿಯಲ್ಲಿವೆ. ಸಿಕ್ಕಿದ ಮಗುವಿಗೆ ಮುಂದಿನ ಚಿಕಿತ್ಸೆಯ ದಾರಿಯೂ ಇದೆ. ಈಗ ತಮಾಷೆ ನೋಡಿ. ಕುಮಾರಸ್ವಾಮಿ ಲೇಔಟ್‌ನಂಥ ಬಡಾವಣೆಯಲ್ಲಿ ಲಕ್ಷಗಟ್ಟಲೆ ಫೀಸು ತಗೊಳ್ಳೋ ಖಾಸಗಿ ಶಾಲೆ ಈ ಯೋಜನೆಯಿಂದ ಹೊರಗೆ. ಅಂದರೆ ಕಾಗದದ ಮೇಲಾದರೂ ಸರ್ಕಾರಿ ಶಾಲೆಯ ಮಗುವಿಗೆ ಎದೆ ನೋಡೋರು ಒಬ್ಬರಿದ್ದಾರೆ. ಫೀಸು ಕಟ್ಟಿದ ಮಗುವಿಗೆ ಅದೂ ಇಲ್ಲ. ಆ ಶಾಲೆ ಸ್ವಂತ ಖರ್ಚಿನಲ್ಲಿ ‘ಹೆಲ್ತ್ ಕ್ಯಾಂಪ್’ ಮಾಡಿದರೆ ಎತ್ತರ, ತೂಕ, ಹಲ್ಲು, ಕಣ್ಣು. ಸಿಬಿಎಸ್‌ಇ ಶಾಲೆಗಳಲ್ಲಿ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆ ಅಂತಾರೆ. ಅದು ಮಗು ಎಷ್ಟು ಬೇಗ ಓಡುತ್ತೆ, ಎಷ್ಟು ಬಾಗುತ್ತೆ ಅಂತ ಅಳೆಯೋದು. ಓಡಬಹುದಾ ಅಂತ ಕೇಳೋದಲ್ಲ.

ಈಗ ನನ್ನ ವಾದ ಹೇಳಿಬಿಡ್ತೀನಿ. ಶಾಲೆಯ ತಂಡದಲ್ಲಿ ಹೆಸರು ಬರೀಬೇಕಾದರೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಕಡ್ಡಾಯ ಆಗಬೇಕು. ಕಡ್ಡಾಯ ಅಂದರೆ ಜೂನ್ ತಿಂಗಳಲ್ಲಿ, ಕ್ರೀಡಾಕೂಟಕ್ಕೆ ಮುಂಚೆ. ಹಿಂದಿನ ದಿನ ಸಂಜೆ ಅಲ್ಲ. ಮಗು ಖುದ್ದಾಗಿ ಇರಬೇಕು, ಜೊತೆಗೆ ತಂದೆ ಅಥವಾ ತಾಯಿ ಇರಬೇಕು. ಯಾಕೆಂದರೆ ತಪಾಸಣೆಯ ಅರ್ಧ ಕೆಲಸ ಪ್ರಶ್ನೆಯಿಂದಲೇ ಆಗೋದು. ಓಡುವಾಗ ಅಥವಾ ಓಡಿದ ತಕ್ಷಣ ಪ್ರಜ್ಞೆ ತಪ್ಪಿದೆಯಾ? ಆಡುವಾಗ ಎದೆ ಹಿಡಿದುಕೊಂಡಿದೆಯಾ? ಜೊತೆಯ ಮಕ್ಕಳಿಗಿಂತ ಬೇಗ ಏದುಸಿರು ಬರುತ್ತಾ? ಎದೆ ಸುಮ್ಮಸುಮ್ಮನೆ ಡವಗುಟ್ಟುತ್ತಾ? ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಇದ್ದಕ್ಕಿದ್ದ ಹಾಗೆ ಹೋಗಿದ್ದಾರಾ? ಈ ಕೊನೆಯ ಪ್ರಶ್ನೆಗೆ ಹದಿಮೂರರ ಹುಡುಗ ಏನು ಉತ್ತರ ಕೊಟ್ಟಾನು? ‘ನಿನ್ನ ಚಿಕ್ಕಪ್ಪ ಬಾವೀಲಿ ಬಿದ್ದು ಹೋದ’ ಅಂತಷ್ಟೇ ಅವನಿಗೆ ಗೊತ್ತಿರುತ್ತೆ. ಈಜು ಬರುವವನು ನೀರಿಗಿಳಿದ ತಕ್ಷಣ ಯಾಕೆ ಮುಳುಗಿದ ಅಂತ ಅಜ್ಜಿಯನ್ನ ಕೇಳಬೇಕು. ಕೆಲವು ಹೃದಯದೋಷಗಳು ಈಜುವಾಗಲೇ ಕೈಕೊಡುತ್ತವೆ.

ಪ್ರಶ್ನೆಯ ನಂತರ ರಕ್ತದೊತ್ತಡ, ನಾಡಿ, ಮಲಗಿಸಿ ಒಮ್ಮೆ ನಿಲ್ಲಿಸಿ ಒಮ್ಮೆ ಎದೆಯ ಸದ್ದು, ಕೀಲುಗಳು, ಕಣ್ಣು. ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ, ರಕ್ತಹೀನತೆಯ ಪರೀಕ್ಷೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ ಇತ್ತು. ಖೋಖೋ ತಂಡದಲ್ಲಿ ‘ಸುಸ್ತು’ ಅಂತ ಕೂತ ಹುಡುಗಿಯನ್ನ ಸೋಮಾರಿ ಅಂತ ಬೈಯೋ ಮುಂಚೆ ಅವಳ ಹಿಮೋಗ್ಲೋಬಿನ್ ಎಷ್ಟು ಅಂತ ಕೇಳಿ. ಅಸ್ತಮಾ ಇದ್ದರೆ ಇನ್‌ಹೇಲರ್ ಮೇಷ್ಟ್ರ ಬಳಿ ಇರಬೇಕು. ಫಿಟ್ಸ್ ಇದ್ದರೆ ಗೊತ್ತಿರಬೇಕು. ಇಷ್ಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಯಾವುದಾದರೂ ಉತ್ತರ ಹೌದು ಅಂತ ಬಂದರೆ, ಎದೆಯ ಸದ್ದಿನಲ್ಲಿ ಅನುಮಾನ ಬಂದರೆ ಇಸಿಜಿ, ಎಕೊ. ತಾಲ್ಲೂಕು, ಜಿಲ್ಲಾ ಮಟ್ಟದಿಂದ ಮೇಲೆ ಹೋಗೋ ಮಗುವಿಗೆ ಇಸಿಜಿ ಹೇಗೂ ಮಾಡಿಸಲಿ. ಕೆಲವು ನೂರು ರೂಪಾಯಿಯ ಕೆಲಸ. ಶೂಗೆ ಅದರ ಎಷ್ಟೋ ಪಟ್ಟು ಕೊಡ್ತೀವಿ.

ದುಡ್ಡಿನ ಅಡ್ಡಿ ದೊಡ್ಡದಲ್ಲ ಅಂತ ನನ್ನ ನಂಬಿಕೆ. ಅಡ್ಡಿ ಬೇರೆ ಕಡೆ ಇದೆ, ನಮ್ಮ ಮನೆಯೊಳಗೇ ಇದೆ. ನಾವು ಮುಚ್ಚಿಡ್ತೀವಿ. ಮಗನಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತು ಅಂತ ಹೇಳಿದರೆ ತಂಡದಿಂದ ತೆಗೀತಾರೆ. ತಂಡದಿಂದ ತೆಗೆದರೆ ಕ್ರೀಡಾ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇಲ್ಲದಿದ್ದರೆ ಮುಂದೆ ಸಿಇಟಿಯಲ್ಲಿ ಕ್ರೀಡಾ ಕೋಟಾ ಇಲ್ಲ. ಮಗಳ ವಿಷಯದಲ್ಲಿ ಇನ್ನೂ ಕಷ್ಟ. ‘ಹಾರ್ಟ್ ಪ್ರಾಬ್ಲಂ ಇರೋ ಹುಡುಗಿ’ ಅಂತ ಒಂದು ಸಲ ಬೀದಿಯಲ್ಲಿ ಹಬ್ಬಿದರೆ ನಾಳೆ ಗಂಡು ಯಾರು ಕೊಡ್ತಾರೆ ಅನ್ನೋ ಚಿಂತೆ ತಾಯಿಗೆ. ಈ ಭಯವನ್ನ ಮೂಢನಂಬಿಕೆ ಅಂತ ಗೇಲಿ ಮಾಡಿ ಪ್ರಯೋಜನ ಇಲ್ಲ. ಭಯ ನಿಜವಾದದ್ದು. ಅದಕ್ಕೇ ನಿಯಮ ಮಾಡುವವರು ಇದಕ್ಕೆ ಜಾಗ ಬಿಡಬೇಕು. ವೈದ್ಯರು ಶಾಲೆಗೆ ಕೊಡೋ ಕಾಗದದಲ್ಲಿ ರೋಗದ ಹೆಸರು ಇರಕೂಡದು. ‘ಆಡಬಹುದು’, ‘ಇಂಥ ಎಚ್ಚರಿಕೆಯೊಂದಿಗೆ ಆಡಬಹುದು’, ‘ಮುಂದಿನ ಪರೀಕ್ಷೆಯವರೆಗೆ ಬೇಡ’, ಇಷ್ಟೇ ಸಾಕು. ಉಳಿದದ್ದು ವೈದ್ಯರ ಮತ್ತು ಪೋಷಕರ ನಡುವೆ. ವರದಿಯನ್ನ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕೋ ಶಾಲೆಗಳಿವೆ, ಅದಕ್ಕೇ ಹೇಳ್ತಾ ಇದೀನಿ.

ಆಟ ಬಿಡಿಸಿಬಿಡ್ತಾರೆ ಅನ್ನೋ ಭಯಕ್ಕೂ ಉತ್ತರ ಇದೆ. ವಿದ್ಯುತ್ತಿನ ಒಳದಾರಿಯ ದೋಷ ಇದ್ದರೆ ತೊಡೆಯ ರಕ್ತನಾಳದ ಮೂಲಕ ತೆಳ್ಳನೆ ತಂತಿ ಕಳಿಸಿ ಆ ದಾರಿಯನ್ನ ಸುಟ್ಟು ಮುಚ್ಚುತ್ತಾರೆ. ನಮ್ಮ ದಕ್ಷಿಣ ಬೆಂಗಳೂರಿನ ಜಯದೇವದಲ್ಲೇ ಆಗುವ ಚಿಕಿತ್ಸೆ. ಎಷ್ಟೋ ಮಕ್ಕಳು ಮತ್ತೆ ಮೈದಾನಕ್ಕೆ ಬರ್ತಾರೆ. ಜ್ವರದ ನಂತರ ಹೃದಯದ ಸ್ನಾಯು ಊದಿದ್ದರೆ ಮೂರರಿಂದ ಆರು ತಿಂಗಳು ವಿಶ್ರಾಂತಿ, ಮತ್ತೆ ಪರೀಕ್ಷೆ, ಮತ್ತೆ ಆಟ. ಕೆಲವರಿಗೆ ಮಾತ್ರ ಜೋರು ಓಟ ಬೇಡ ಅನ್ನಬೇಕಾಗುತ್ತೆ. ಆ ಮಾತು ಹೇಳೋದು ಕಷ್ಟ. ಹದಿನಾಲ್ಕರ ಹುಡುಗನಿಗೆ ಫುಟ್‌ಬಾಲೇ ಪ್ರಪಂಚ. ಅವನನ್ನ ಬೆಂಚಿಗೆ ಕೂರಿಸಿ ಕೈತೊಳೆದುಕೊಳ್ಳೋದು ತಪಾಸಣೆ ಅಲ್ಲ. ಚೆಸ್, ಕೇರಂ, ಬಿಲ್ಲುಗಾರಿಕೆಯಂಥ ಆಟಕ್ಕೆ, ಅಂಪೈರಿಂಗ್‌ಗೆ, ಸ್ಕೋರಿಂಗ್‌ಗೆ ಅವನನ್ನ ಕೈಹಿಡಿದು ಕರ್ಕೊಂಡು ಹೋಗೋ ಮೇಷ್ಟ್ರು ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಮಕ್ಕಳು ಜಾಲರಿಯಿಂದ ಜಾರಿಹೋಗ್ತಾರೆ ಅನ್ನೋದಕ್ಕೆ ಇಂಗ್ಲೆಂಡಿನ ಆ ಆರು ಜನ ಸಾಕ್ಷಿ. ಅದಕ್ಕೇ ತಪಾಸಣೆಯ ಕಡ್ಡಾಯದ ಜೊತೆಗೆ ಮೈದಾನದ ಕಡ್ಡಾಯವೂ ಬೇಕು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧ ಆಡುತ್ತಿದ್ದ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಮೊದಲ ಅವಧಿಯಲ್ಲೇ ಕುಸಿದರು. ಎಷ್ಟೋ ಸಲ ತಪಾಸಣೆ ಆದ ವೃತ್ತಿಪರ ಆಟಗಾರ. ಉಳಿಸಿದ್ದು ಮೈದಾನದಲ್ಲೇ ಎದೆ ಒತ್ತಿದ ಕೈಗಳು ಮತ್ತು ಎಇಡಿ ಯಂತ್ರ. ಮುಂದಿನ ಫೆಬ್ರವರಿಗೆ ಎದೆಯಲ್ಲಿ ಪುಟ್ಟ ಯಂತ್ರ ಇಟ್ಟುಕೊಂಡು ಅವರು ಮತ್ತೆ ಆಡಿದರು. ಅದನ್ನ ನಮ್ಮ 2012ರ ಆಟೋದ ಪಕ್ಕ ಇಟ್ಟು ನೋಡಿ.

ಹೃದಯ ಸ್ತಂಭನ ಆದ ಮೇಲೆ ಏನೂ ಮಾಡದೇ ಹೋಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕಡಿಮೆಯಾಗುತ್ತೆ. ಸಾರಕ್ಕಿ ಸಿಗ್ನಲ್, ಬನಶಂಕರಿ ಬಸ್ ನಿಲ್ದಾಣದ ಟ್ರಾಫಿಕ್ ದಾಟಿ 108 ಬರೋದಕ್ಕೆ ಎಷ್ಟು ನಿಮಿಷ ಅಂತ ಕುಮಾರಸ್ವಾಮಿ ಲೇಔಟ್‌ನವರಿಗೆ ನಾನು ಹೇಳಬೇಕಾಗಿಲ್ಲ. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಸಾರ್ವಜನಿಕ ಜಾಗಗಳಿಗೆ ಎಇಡಿ ಕೊಡುವ ಮಾತಿದೆ. ವಲಯ ಮಟ್ಟದ ಕ್ರೀಡಾಕೂಟ ನಡೆಯುವ ಮೈದಾನವೂ ಆ ಪಟ್ಟಿಗೆ ಬರಲಿ. ಯಂತ್ರ ತಾನೇ ಮಾತಾಡಿ ಹೇಳಿಕೊಡುತ್ತೆ. ಪ್ಯಾಡ್ ಎಲ್ಲಿ ಅಂಟಿಸಬೇಕು ಅನ್ನೋ ಚಿತ್ರವೂ ಅದರ ಮೇಲೇ ಇರುತ್ತೆ. ಶಾಕ್ ಬೇಡದ ಹೃದಯಕ್ಕೆ ಅದು ಶಾಕ್ ಕೊಡಲ್ಲ.

ಈ ಬಡಾವಣೆಗೆ ಒಂದು ಅನುಕೂಲ ಇದೆ. ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲೆ ದಯಾನಂದ ಸಾಗರ ಸಂಸ್ಥೆಗಳ ಆವರಣದಲ್ಲಿ ಆಸ್ಪತ್ರೆ ಇದೆ, ನರ್ಸಿಂಗ್, ಫಿಸಿಯೊಥೆರಪಿ ಕಾಲೇಜುಗಳಿವೆ. ಸುತ್ತಲಿನ ಶಾಲೆಗಳು ಸೇರಿಕೊಂಡು ಕೇಳಿದರೆ ಒಂದು ಶನಿವಾರ ನರ್ಸಿಂಗ್ ವಿದ್ಯಾರ್ಥಿಗಳು ಬಂದು ಪಿಟಿ ಮೇಷ್ಟ್ರುಗಳಿಗೆ, ಒಂಬತ್ತು ಹತ್ತನೇ ತರಗತಿಯ ಮಕ್ಕಳಿಗೆ ಸಿಪಿಆರ್ ಕಲಿಸೋದು ದೊಡ್ಡ ಮಾತಲ್ಲ. ಕುಸಿದ ಮಗು ಕರೆದರೆ ಓಗೊಡ್ತಾ ಇಲ್ಲ, ಸರಿಯಾಗಿ ಉಸಿರಾಡ್ತಾ ಇಲ್ಲ ಅಂದರೆ, ಒಬ್ಬರು 108ಕ್ಕೆ ಫೋನ್ ಮಾಡಬೇಕು, ಒಬ್ಬರು ಎಇಡಿ ತರೋದಕ್ಕೆ ಓಡಬೇಕು, ಒಬ್ಬರು ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು ಐದು ಸೆಂಟಿಮೀಟರ್ ಆಳ ಒತ್ತಬೇಕು. ಮೂಗಿಗೆ ಈರುಳ್ಳಿ ಹಿಡಿಯೋದು, ಕೈಗೆ ಬೀಗದ ಕೀ ಕೊಡೋದು, ಬಾಯಿಗೆ ಗ್ಲೂಕೋಸ್ ನೀರು ಸುರಿಯೋದು, ಇದ್ಯಾವುದೂ ಬೇಡ. ಸುತ್ತ ನಿಂತು ಮೊಬೈಲ್‌ನಲ್ಲಿ ವಿಡಿಯೊ ಮಾಡೋದಂತೂ ಬೇಡವೇ ಬೇಡ. ಆಂಬುಲೆನ್ಸ್ ಸಿಬ್ಬಂದಿ ಬಂದು ‘ಇನ್ನು ನಾವು ನೋಡ್ಕೋತೀವಿ’ ಅನ್ನೋವರೆಗೆ ಕೈ ಎತ್ತಬಾರದು. ಒಬ್ಬರಿಗೆ ಸುಸ್ತಾದರೆ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು.